ಹಿಮ ಬೀಳುವ ಮುನ್ನ ನೀರಿನ ಲೆಕ್ಕ

ಸೆಪ್ಟೆಂಬರ್ ಕೊನೆಯಲ್ಲಿ ಕರಿಬೇವಿನ ಕುಂಡ ಒಳಗೆ ಬಂತೆಂದರೆ ನಮ್ಮ ಮನೆಯಲ್ಲಿ ಚಳಿಗಾಲದ ಕೆಲಸ ಶುರು. ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಆಸುಪಾಸಿನಲ್ಲಿ ಆ ಹೊತ್ತಿಗೆ ಹಗಲು ಇನ್ನೂ ಹಿತವಾಗಿರುತ್ತದೆ, ಮೇಪಲ್ ಮರಗಳ ತುದಿಯಷ್ಟೇ ಕೆಂಪೇರಿರುತ್ತದೆ. ಆದರೆ ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿಯತೊಡಗಿದರೆ ಕರಿಬೇವು ಮುನಿಸಿಕೊಂಡು ಎಲೆ ಉದುರಿಸುತ್ತದೆ. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಆ ಗಿಡಕ್ಕಿರುವ ಮರ್ಯಾದೆ ಕೆಲವೊಮ್ಮೆ ಮನೆಯ ಯಜಮಾನನಿಗೂ ಇರುವುದಿಲ್ಲ. ಹಾಗಾಗಿ ಅದು ಮೊದಲು ಒಳಗೆ ಬರುತ್ತದೆ, ಉಳಿದ ಕೆಲಸಗಳು ಅದರ ಹಿಂದೆ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮೂರಿನಲ್ಲಿ ಮನೆಯನ್ನು ಋತುವಿಗೆ ಸಜ್ಜು ಮಾಡುವುದೆಂದರೆ ಮಳೆಗಾಲಕ್ಕೆ ಸಜ್ಜು ಮಾಡುವುದು. ಮೇ ತಿಂಗಳು ಬಂದರೆ ಹೆಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು, ಜಗಲಿಗೆ ಇರಚಲು ಹೊಡೆಯದಂತೆ ಸೋಗೆಯ ತಟ್ಟಿ ಕಟ್ಟಬೇಕು, ಸೌದೆಯನ್ನು ಕೊಟ್ಟಿಗೆಗೆ ಸೇರಿಸಬೇಕು, ಸೂರಿನ ನೀರು ಹಿಡಿಯಲು ಅಡಿಕೆ ದಬ್ಬೆಯ ದೋಣಿ ಸರಿಪಡಿಸಬೇಕು. ಇಷ್ಟೂ ಕೆಲಸದ ಹಿಂದೆ ಇದ್ದದ್ದು ಒಂದೇ ಪ್ರಶ್ನೆ: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಇಲ್ಲಿ ಸ್ವಂತ ಮನೆ ಕೊಂಡ ಮೊದಲ ವರ್ಷ ಚಳಿಗಾಲದ ಸಿದ್ಧತೆಯೆಂದರೆ ಬಿಸಿಯ ಸಿದ್ಧತೆ ಎಂದುಕೊಂಡಿದ್ದೆ. ದಪ್ಪ ರಜಾಯಿ, ಉಣ್ಣೆಯ ಕಾಲುಚೀಲ, ಕೋಣೆಗೊಂದು ಹೀಟರ್ ತಂದಿಟ್ಟು ಆರಾಮಾಗಿದ್ದೆ. ಮನೆ ನನಗೆ ಪಾಠ ಕಲಿಸಲು ಏಪ್ರಿಲ್‌ವರೆಗೆ ಕಾದಿತ್ತು. ಚಳಿಯಿಂದ ಮನುಷ್ಯರು ನಡುಗುತ್ತಾರೆ, ನಿಜ. ಆದರೆ ಮನೆ ಕೆಡುವುದು ಇಲ್ಲಿಯೂ ನೀರಿನಿಂದಲೇ: ಕೊಳವೆಯಲ್ಲಿ ಹೆಪ್ಪುಗಟ್ಟುವ ನೀರು, ಗಾಳಿಯ ಜೊತೆ ಗೋಡೆಯೊಳಗೆ ನುಸುಳುವ ನೀರು, ಮಾಡಿನ ಮೇಲೆ ನಿಂತು ಹಿಮ್ಮುಖ ಹರಿಯುವ ನೀರು. ಮಲೆನಾಡಿನವನಿಗೆ ಇದು ಮೊದಲ ವರ್ಷವೇ ಹೊಳೆಯಬೇಕಿತ್ತು.

ಹೊರಗಿನ ನಲ್ಲಿ

ಆ ಏಪ್ರಿಲ್‌ನ ಕಥೆ ಇದು. ಮನೆಯ ಹಿಂಗೋಡೆಯಲ್ಲಿ ತೋಟಕ್ಕೆ ನೀರು ಬಿಡುವ ನಲ್ಲಿ ಇದೆ. ಬೇಸಿಗೆಯಿಡೀ ಅದಕ್ಕೆ ಹಸಿರು ರಬ್ಬರ್ ಪೈಪು ಸಿಕ್ಕಿಸಿಯೇ ಇತ್ತು. ಚಳಿಗಾಲವೂ ಹಾಗೆಯೇ ಕಳೆಯಿತು. ಹಿಮ ಕರಗಿ, ಹುಲ್ಲು ಚಿಗುರಿದ ಒಂದು ಶನಿವಾರ ನಲ್ಲಿ ತಿರುಗಿಸಿದೆ. ಪೈಪಿನ ತುದಿಯಲ್ಲಿ ನೀರು ಸಣ್ಣಗೆ ಬಂತು. ಒತ್ತಡ ಕಡಿಮೆ ಇರಬೇಕೆಂದು ಇನ್ನಷ್ಟು ತಿರುಗಿಸಿ ಗಿಡಗಳ ಕಡೆ ಹೋದೆ. ಹತ್ತು ನಿಮಿಷದ ಮೇಲೆ ಒಳಗಿನಿಂದ ಹೆಂಡತಿ ಕೂಗಿದಳು. ಬೇಸ್‌ಮೆಂಟಿನ ಚಾವಣಿಯಿಂದ ನೀರು ನಮ್ಮೂರ ಜುಲೈ ತಿಂಗಳ ಸೂರಿನಂತೆ ಸುರಿಯುತ್ತಿತ್ತು. ಪುಸ್ತಕದ ಪೆಟ್ಟಿಗೆಗಳು ಒದ್ದೆ, ಜಮಖಾನ ಒದ್ದೆ, ನಾನು ಮುಖ್ಯ ವಾಲ್ವ್ ಎಲ್ಲಿದೆಯೆಂದು ಗೊತ್ತಿಲ್ಲದೆ ಗೋಡೆಯಿಂದ ಗೋಡೆಗೆ ಓಡುತ್ತಿದ್ದೆ.

ಆ ನಲ್ಲಿ ಹೆಪ್ಪುಗಟ್ಟದ ಜಾತಿಯದು ಎಂದು ಮನೆ ಕೊಳ್ಳುವಾಗ ಹೇಳಿದ್ದರು. ಸುಳ್ಳೇನಲ್ಲ. ಹೊರಗೋಡೆಯಲ್ಲಿ ಕಾಣುವುದು ಅದರ ಹಿಡಿ ಮತ್ತು ಮೂತಿ ಮಾತ್ರ. ನೀರನ್ನು ನಿಜವಾಗಿ ತಡೆಯುವ ವಾಷರ್ ಇರುವುದು ಸುಮಾರು ಒಂದಡಿ ಹಿಂದೆ, ಬೆಚ್ಚಗಿರುವ ಬೇಸ್‌ಮೆಂಟಿನ ಒಳಗೆ. ಹೊರಗೆ ತಿರುಗಿಸಿದರೆ ಉದ್ದನೆಯ ಸರಳೊಂದು ಒಳಗೆ ಹೋಗಿ ಅಲ್ಲಿ ಮುಚ್ಚುತ್ತದೆ. ಮುಚ್ಚಿದ ಮೇಲೆ ಮುಂದಿನ ಆ ಒಂದಡಿ ಕೊಳವೆಯಲ್ಲಿ ಉಳಿದ ನೀರು ಇಳಿಜಾರಿಗೆ ಹರಿದು ಹೊರಗೆ ಬಿದ್ದುಹೋಗಬೇಕು. ಖಾಲಿ ಕೊಳವೆಯಲ್ಲಿ ಹೆಪ್ಪುಗಟ್ಟಲು ಏನೂ ಇರುವುದಿಲ್ಲ. ಆದರೆ ಮೂತಿಗೆ ರಬ್ಬರ್ ಪೈಪು ಸಿಕ್ಕಿಸಿಯೇ ಬಿಟ್ಟರೆ ನೀರಿಗೆ ಇಳಿಯುವ ದಾರಿ ಇಲ್ಲ. ಅಲ್ಲೇ ನಿಂತು, ಜನವರಿಯಲ್ಲಿ ಮಂಜುಗಡ್ಡೆಯಾಗಿ, ತಾಮ್ರದ ಕೊಳವೆಯನ್ನು ಸೀಳುತ್ತದೆ. ಸೀಳಿದ್ದು ಆಗ ಗೊತ್ತಾಗುವುದಿಲ್ಲ, ಏಕೆಂದರೆ ಸೀಳಿದ ಭಾಗ ವಾಲ್ವಿನ ಈಚೆಗಿದೆ, ಅಲ್ಲಿಗೆ ನೀರು ಬರುವುದು ನಲ್ಲಿ ತೆರೆದಾಗ ಮಾತ್ರ. ವಸಂತದಲ್ಲಿ ನಾವು ಉತ್ಸಾಹದಿಂದ ನಲ್ಲಿ ತಿರುಗಿಸುತ್ತೇವೆ.

ಪೈಪನ್ನು ಬಿಚ್ಚಿ ಒಳಗಿಡಲು ಅರ್ಧ ನಿಮಿಷ ಸಾಕು. ಅಕ್ಟೋಬರ್ ನಡುವಿನ ಹೊತ್ತಿಗೆ ಇಲ್ಲಿ ಮೊದಲ ಇಬ್ಬನಿ ಗಟ್ಟಿಯಾಗಿ ಹುಲ್ಲು ಬೆಳ್ಳಗಾಗುತ್ತದೆ, ಅಷ್ಟರೊಳಗೆ ಆಗಬೇಕು. ಹಳೆಯ ಮನೆಗಳಲ್ಲಿ ಸಾದಾ ನಲ್ಲಿ ಇದ್ದರೆ ಅದರ ಕೊಳವೆಗೆ ಒಳಗಡೆ ಇನ್ನೊಂದು ವಾಲ್ವ್ ಇರುತ್ತದೆ. ಅದನ್ನು ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದು ನೀರು ಇಳಿಸಿಬಿಡಬೇಕು. ಹುಲ್ಲಿಗೆ ನೆಲದಡಿಯ ಚಿಮ್ಮು ಕೊಳವೆಗಳಿದ್ದರೆ ಕಂಪ್ರೆಸರ್ ತಂದು ಗಾಳಿ ಊದಿ ಖಾಲಿ ಮಾಡಿಸಬೇಕು, ಅದು ಕಸಬು ಗೊತ್ತಿದ್ದವರ ಕೆಲಸ.

ಕೊಳವೆ ಒಡೆಯುವುದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಹಾಗಾಗಿ ಗಡ್ಡೆ ಕಟ್ಟಿದ ಜಾಗದಲ್ಲೇ ಕೊಳವೆ ಬಿರಿಯುತ್ತದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಹಾಗಾಗುವುದಿಲ್ಲ. ಗಡ್ಡೆ ಬೆಳೆಯುತ್ತ ಬಿರಡೆಯಂತೆ ಮುಂದಿನ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ತಳ್ಳುತ್ತದೆ. ನಲ್ಲಿ ಮತ್ತು ಗಡ್ಡೆಯ ನಡುವೆ ಸಿಕ್ಕಿಕೊಂಡ ನೀರು ಎಲ್ಲಿಗೂ ಹೋಗಲಾರದು, ಕುಗ್ಗಲೂ ಆರದು. ಒತ್ತಡ ಏರಿ ಏರಿ ಆ ನಡುವಿನ ಯಾವುದೋ ಬಡಪಾಯಿ ಕೀಲು ಕಿತ್ತುಕೊಳ್ಳುತ್ತದೆ. ಕೊರೆಯುವ ರಾತ್ರಿಗಳಲ್ಲಿ ನಲ್ಲಿಯನ್ನು ಹನಿಹನಿ ತೊಟ್ಟಿಕ್ಕಲು ಬಿಡಿ ಎಂದು ಹಳಬರು ಹೇಳುವುದು ಇದಕ್ಕೇ. ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ ಎಂಬುದು ಅರ್ಧ ಕಾರಣ, ಆ ಸಣ್ಣ ಸಂದಿಯಿಂದ ಒತ್ತಡ ಹೊರಬೀಳುತ್ತದೆ ಎಂಬುದು ಉಳಿದರ್ಧ.

ಮುಖ್ಯ ಕೊಳವೆಗೆ ಅಪಾಯ ಕಡಿಮೆ. ಮಿಶಿಗನ್‌ನಲ್ಲಿ ನೆಲ ಹೆಪ್ಪುಗಟ್ಟುವ ಆಳವನ್ನು ಕಟ್ಟಡ ನಿಯಮ 42 ಇಂಚು ಎಂದು ಲೆಕ್ಕ ಹಿಡಿಯುತ್ತದೆ, ನೀರಿನ ಕೊಳವೆ ಅದಕ್ಕಿಂತ ಕೆಳಗೆ ಬರುತ್ತದೆ. ಅಪಾಯ ಇರುವುದು ಹೊರಗೋಡೆಯಲ್ಲಿ ಹಾದುಹೋಗುವ ತುಂಡುಗಳಿಗೆ. ಅಮೆರಿಕದ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುವ ಸಿಂಕು ಬಹುಪಾಲು ಕಿಟಕಿಯ ಕೆಳಗೆ, ಅಂದರೆ ಹೊರಗೋಡೆಗೆ ತಾಗಿಕೊಂಡೇ ಇರುತ್ತದೆ. ಹೊರಗೆ ಮೈನಸ್ 7 ಡಿಗ್ರಿಗಿಂತ ಕೆಳಗಿಳಿದ ರಾತ್ರಿ ಸಿಂಕಿನ ಕೆಳಗಿನ ಬೀರುವಿನ ಬಾಗಿಲುಗಳನ್ನು ತೆರೆದಿಟ್ಟು ಮಲಗಿ. ಮನೆಯ ಬೆಚ್ಚನೆಯ ಗಾಳಿ ಕೊಳವೆಯವರೆಗೆ ಹೋಗಲಿ. ಗ್ಯಾರೇಜಿನ ಚಾವಣಿಯಲ್ಲಿ ಓಡುವ ಕೊಳವೆಗಳಿಗೆ ಸ್ಪಂಜಿನ ತೋಳು ತೊಡಿಸಿ.

ಮತ್ತೆ, ಮುಖ್ಯ ವಾಲ್ವ್ ಎಲ್ಲಿದೆಯೆಂದು ಇವತ್ತೇ ನೋಡಿಟ್ಟುಕೊಳ್ಳಿ. ಮನೆಯವರಿಗೆಲ್ಲ ತೋರಿಸಿ. ನಮ್ಮಲ್ಲಿ ಈಗ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದೆ.

ಸ್ವಿಚ್ಚಿಗೆ ಊದುಬತ್ತಿ

ಇನ್ನು ಗಾಳಿ. ಇಲ್ಲಿನ ಮನೆ ನಮ್ಮ ಇಟ್ಟಿಗೆ, ಕಲ್ಲಿನ ಮನೆಯಂತಲ್ಲ. ಮರದ ಚೌಕಟ್ಟು, ಒಳಗೆ ಜಿಪ್ಸಂ ಹಲಗೆ, ಹೊರಗೆ ತೆಳು ಹೊದಿಕೆ, ನಡುವೆ ಗಾಜಿನ ನಾರಿನ ದಿಂಬು. ಹೊರನೋಟಕ್ಕೆ ಭದ್ರವಾಗಿದ್ದರೂ ಸಂದುಗೊಂದುಗಳು ನೂರಾರು. ಚಳಿಗಾಲದಲ್ಲಿ ಇಂಥ ಮನೆ ದೊಡ್ಡ ಹೊಗೆಕೊಳವೆಯಂತೆ ವರ್ತಿಸುತ್ತದೆ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರಿ, ಚಾವಣಿಯ ಸಂದುಗಳಿಂದ ಅಟ್ಟಕ್ಕೆ, ಅಟ್ಟದಿಂದ ಆಕಾಶಕ್ಕೆ ಹೋಗುತ್ತದೆ. ಹೋದಷ್ಟೇ ಗಾಳಿ ಕೆಳಗಿನಿಂದ ಒಳಗೆ ಬರಲೇಬೇಕು. ಬೇಸ್‌ಮೆಂಟಿನ ಕಾಂಕ್ರೀಟ್ ಗೋಡೆಯ ಮೇಲೆ ಮರದ ತೊಲೆ ಕೂರುವ ಜಾಗ ಅದರ ಹೆಬ್ಬಾಗಿಲು. ಕಾಲಿಗೆ ತಣ್ಣಗೆ ತಾಗುವ ಗಾಳಿಯನ್ನು ನಾವು ಕಿಟಕಿಯ ತಪ್ಪು ಎನ್ನುತ್ತೇವೆ, ಕಳ್ಳ ಇರುವುದು ಅಟ್ಟದಲ್ಲಿ. ಮೇಲಿನ ತೂತು ಮುಚ್ಚಿದರೆ ಕೆಳಗಿನ ಗಾಳಿ ತಾನಾಗಿ ತಗ್ಗುತ್ತದೆ.

ತೂತು ಹುಡುಕಲು ವೃತ್ತಿಪರರು ಮುಂಬಾಗಿಲಿಗೆ ದೊಡ್ಡ ಫ್ಯಾನ್ ಬಿಗಿದು ಮನೆಯ ಗಾಳಿಯನ್ನು ಹೊರಗೆಳೆದು ಅಳತೆ ಮಾಡುತ್ತಾರೆ. ನಮ್ಮ ಕೈಯಲ್ಲಾಗುವ ವಿಧಾನಕ್ಕೆ ಊದುಬತ್ತಿ ಸಾಕು. ಚಳಿಯಿರುವ, ಗಾಳಿ ಬೀಸುವ ಒಂದು ದಿನ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರಪಡಿಸಿ. ಮೊದಲು ಮನೆಗೆಲ್ಲ ಬಿಸಿಗಾಳಿ ಊದುವ ಗ್ಯಾಸಿನ ಯಂತ್ರವನ್ನು, ಅಂದರೆ ಫರ್ನೇಸನ್ನು ಆರಿಸಿ, ಗ್ಯಾಸಿನಿಂದ ನೀರು ಕಾಯಿಸುವ ಹಂಡೆ ಇದ್ದರೆ ಅದನ್ನೂ ಆರಿಸಿ, ಇಲ್ಲವಾದರೆ ಅವುಗಳ ಹೊಗೆ ಒಳಗೇ ಎಳೆದುಕೊಂಡು ಬರಬಹುದು. ಆಮೇಲೆ ಅಡುಗೆಮನೆ ಮತ್ತು ಬಚ್ಚಲಿನ ಹೊರದೂಡುವ ಫ್ಯಾನುಗಳನ್ನು ಹಾಕಿ. ಮನೆ ಹೊರಗಿನ ಗಾಳಿಯನ್ನು ಹೀರತೊಡಗುತ್ತದೆ. ಈಗ ಊದುಬತ್ತಿ ಹಚ್ಚಿಕೊಂಡು ಹೊರಗೋಡೆಯ ಉದ್ದಕ್ಕೂ ನಡೆಯಿರಿ. ಹೊಗೆ ನೆಟ್ಟಗೆ ಏರುತ್ತಿದ್ದರೆ ಸರಿ. ಅಡ್ಡಕ್ಕೆ ತಿರುಗಿ ನಡುಗಿತೋ, ಅಲ್ಲಿ ಸಂದು ಇದೆ. ಪರದೆಗೆ ಮಾತ್ರ ಬೆಂಕಿ ತಗುಲದಂತೆ ನೋಡಿಕೊಳ್ಳಿ.

ನಾನು ಇದನ್ನು ಮಾಡಿದ ವರ್ಷ ಅಮ್ಮ ಇಲ್ಲಿಗೆ ಬಂದಿದ್ದಳು. ಸ್ವಿಚ್ ಬೋರ್ಡಿನ ಮುಂದೆ ಊದುಬತ್ತಿ ಹಿಡಿದು ನಿಂತ ನನ್ನನ್ನು ಸ್ವಲ್ಪ ಹೊತ್ತು ನೋಡಿ, “ದೇವರಮನೆ ಆ ಕಡೆ ಇದೆಯಲ್ಲೋ” ಎಂದಳು. ಆದರೆ ಹೊಗೆ ಬೋರ್ಡಿನ ಅಂಚಿನಿಂದ ಒಂದು ಗೇಣು ದೂರಕ್ಕೆ ಚಿಮ್ಮಿದ್ದನ್ನು ಕಂಡ ಮೇಲೆ ತಾನೂ ಒಂದು ಕಡ್ಡಿ ಹಚ್ಚಿಕೊಂಡಳು. ಅಟ್ಟ ಹತ್ತುವ ಮುಚ್ಚಳ, ಚಾವಣಿಯಲ್ಲಿ ಹುದುಗಿಸಿದ ದೀಪಗಳು, ಸಿಂಕಿನ ಹಿಂದೆ ಕೊಳವೆ ಗೋಡೆ ತೂರುವ ತೂತು, ಮುಂಬಾಗಿಲಿನ ತಳ ಎಲ್ಲವನ್ನೂ ಆ ಮಧ್ಯಾಹ್ನ ಅವಳೇ ಹುಡುಕಿದ್ದು.

ಮುಚ್ಚುವ ಸಾಮಾನು ದುಬಾರಿಯಲ್ಲ. ಅಲುಗಾಡದ ಸಂದಿಗೆ ಕಾಕ್ ಎನ್ನುವ ಮೆತ್ತುವ ಅಂಟು, ಬಾಗಿಲು ಕಿಟಕಿಯಂಥ ಚಲಿಸುವ ಅಂಚಿಗೆ ರಬ್ಬರ್ ಅಥವಾ ಸ್ಪಂಜಿನ ಪಟ್ಟಿ, ದೊಡ್ಡ ತೂತಿಗೆ ಉಬ್ಬುವ ಫೋಮ್, ಸ್ವಿಚ್ ಫಲಕದ ಹಿಂದೆ ಅದಕ್ಕೆಂದೇ ಕತ್ತರಿಸಿದ ತೆಳು ಫೋಮ್ ಹಾಳೆ. ಬಿಸಿ ಹೊಗೆ ಹೋಗುವ ಕೊಳವೆಗಳ ಸುತ್ತ ಮಾತ್ರ ಫೋಮ್ ಬಳಸಬಾರದು, ಲೋಹದ ತಗಡು ಮತ್ತು ಹೆಚ್ಚು ಶಾಖ ತಾಳುವ ಜಾತಿಯ ಕಾಕ್ ಬೇಕು.

ಶಾಖ ಸೋರದಂತೆ ತಡೆಯುವ ಹೊದಿಕೆಯ, ಅಂದರೆ ಇನ್ಸುಲೇಷನ್ ಸರದಿ ಇದಾದ ಮೇಲೆ. ಮಲೆನಾಡಿನ ಮಳೆಯಲ್ಲಿ ಗದ್ದೆಗೆ ಹೋಗುವವರು ಕಂಬಳಿ ಕೊಪ್ಪೆ ಹಾಕುತ್ತಿದ್ದರು, ಅದರ ಮೇಲೆ ಬಿದಿರು, ಎಲೆಗಳಿಂದ ಹೆಣೆದ ಗೊರಬೂ ಹೊರುತ್ತಿದ್ದರು. ಕಂಬಳಿ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಗಾಳಿಯನ್ನು ಅಲುಗದಂತೆ ಹಿಡಿದಿಡುವುದರಿಂದ. ಜೋರು ಗಾಳಿ ಅದರೊಳಗೆ ನುಗ್ಗಿದರೆ ಕಂಬಳಿ ಬರೀ ಭಾರ. ಗೊರಬು ಆ ಗಾಳಿಯನ್ನೂ ಮಳೆಯನ್ನೂ ಹೊರಗೆ ನಿಲ್ಲಿಸುತ್ತದೆ. ಮನೆಗೆ ಗಾಜಿನ ನಾರು ಕಂಬಳಿ, ಸಂದು ಮುಚ್ಚುವುದು ಗೊರಬು. ಸಂದು ಮುಚ್ಚದೆ ಅಟ್ಟಕ್ಕೆ ಎಷ್ಟೇ ನಾರು ಸುರಿದರೂ ಗಾಳಿ ಅದರ ನಡುವೆಯೇ ದಾರಿ ಮಾಡಿಕೊಳ್ಳುತ್ತದೆ. ಈ ಸಾಲಿನಲ್ಲಿ ಹಿಂದುಮುಂದು ಮಾಡಿ ಹಣ ಕಳೆದುಕೊಂಡವರು ನನಗೆ ಗೊತ್ತಿರುವವರಲ್ಲೇ ಮೂವರಿದ್ದಾರೆ.

ಶಾಖ ತಡೆಯುವ ಶಕ್ತಿಯನ್ನು ಇಲ್ಲಿ ಆರ್ ಎಂಬ ಅಂಕಿಯಿಂದ ಅಳೆಯುತ್ತಾರೆ. ಹೆಚ್ಚಾದಷ್ಟೂ ಒಳ್ಳೆಯದು. ಎರಡು ಗಾಜಿನ ಸಾಧಾರಣ ಕಿಟಕಿಗೆ ಅದು ಹೆಚ್ಚುಕಡಿಮೆ 2. ಈ ಸೀಮೆಯ ಅಟ್ಟಕ್ಕೆ ಬೇಕೆನ್ನುವುದು 49ರಿಂದ 60. ಹಳೆ ಕಾಗದದ ಪುಡಿಯಿಂದ ಮಾಡುವ ಸೆಲ್ಯುಲೋಸ್‌ಗೆ ಇಂಚಿಗೆ ಸುಮಾರು ಮೂರೂವರೆಯಂತೆ ಹಿಡಿದರೆ 49ಕ್ಕೆ 14 ಇಂಚು ದಪ್ಪ ಬೇಕು. ಅಟ್ಟಕ್ಕೊಂದು ಅಡಿಪಟ್ಟಿ ತೆಗೆದುಕೊಂಡು ಹೋಗಿ ಅಳೆಯಿರಿ. ಹಳೆ ಮನೆಯಲ್ಲಿ ನಾರಿನ ಬದಲು ಬೂದು ಮಿಶ್ರಿತ ಕಂದು ಬಣ್ಣದ ಹೊಳೆಯುವ ಹರಳುಗಳು ಕಂಡರೆ ಮುಟ್ಟದೆ ಇಳಿದು ಬನ್ನಿ. ಅದು ವರ್ಮಿಕ್ಯುಲೈಟ್, ಅದರಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್‌ಬೆಸ್ಟಾಸ್) ಬೆರೆತಿರಬಹುದು, ಪರೀಕ್ಷೆ ಮಾಡಿಸದೆ ಕೆದಕಬಾರದು.

2019ರ ಜನವರಿ 30ರ ರಾತ್ರಿ ಇದರ ಬೆಲೆ ಕಂಡೆವು. ಧ್ರುವದ ಚಳಿಗಾಳಿ ಇಳಿದು ಉಷ್ಣಾಂಶ ಮೈನಸ್ 20ಕ್ಕಿಂತ ಕೆಳಗೆ ಹೋಗಿತ್ತು. ಅದೇ ದಿನ ಡೆಟ್ರಾಯಿಟ್ ಪಕ್ಕದ ಮಕೋಂಬ್ ಕೌಂಟಿಯ ನೈಸರ್ಗಿಕ ಅನಿಲದ ಕಂಪ್ರೆಸರ್ ನಿಲ್ದಾಣದಲ್ಲಿ ಬೆಂಕಿ ಬಿದ್ದು ಅನಿಲದ ಪೂರೈಕೆ ಕುಸಿಯಿತು. ರಾತ್ರಿ ಎಲ್ಲರ ಮೊಬೈಲುಗಳೂ ಒಟ್ಟಿಗೆ ಕಿರುಚಿದವು: ಮನೆಯ ಬಿಸಿ ನಿಗದಿಮಾಡುವ ಥರ್ಮೋಸ್ಟಾಟ್ ಅನ್ನು 65 ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 18 ಸೆಲ್ಸಿಯಸ್‌ಗೆ ಇಳಿಸಿ. ಸಂದು ಮುಚ್ಚಿದ ಮನೆಯಲ್ಲಿ 18 ಡಿಗ್ರಿ ಎಂದರೆ ಇನ್ನೊಂದು ಸ್ವೆಟರ್, ಅಷ್ಟೇ. ಗಾಳಿ ಆಡುವ ಮನೆಯಲ್ಲಿ ಅದೇ 18 ಡಿಗ್ರಿ ಮೈ ಕೊರೆಯುತ್ತದೆ.

ಗಾಳಿಯೊಳಗಿನ ನೀರು

ಸಂದುಗಳ ವಿಷಯ ಬರೀ ಗ್ಯಾಸ್ ಬಿಲ್ಲಿನದಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹೊರಗೆ ಹೋಗುವ ಗಾಳಿ ನೀರನ್ನು ಹೊತ್ತುಕೊಂಡು ಹೋಗುತ್ತದೆ.

ಬೆಚ್ಚನೆಯ ಗಾಳಿ ಹೆಚ್ಚು ಆವಿ ಹಿಡಿಯುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 17 ಗ್ರಾಂ ನೀರಿನಾವಿ ಹಿಡಿಯುವ ಶಕ್ತಿಯಿದ್ದರೆ ಮೈನಸ್ 10ರಲ್ಲಿ ಎರಡೂ ಕಾಲು ಗ್ರಾಂ ದಾಟುವುದಿಲ್ಲ. ಈ ಎರಡು ಅಂಕಿಗಳಲ್ಲಿ ಚಳಿಗಾಲದ ಎರಡು ಕಷ್ಟಗಳೂ ಇವೆ. ಹೊರಗಿನ ತಣ್ಣನೆಯ ಗಾಳಿ ಒಳಗೆ ಬಂದು 20 ಡಿಗ್ರಿಗೆ ಕಾದರೆ ಅದರಲ್ಲಿರುವ ಆವಿ ಅದೇ ಎರಡೂ ಕಾಲು ಗ್ರಾಂ, ಹಿಡಿಯಬಲ್ಲದ್ದರ ಶೇಕಡಾ 13ರಷ್ಟು. ಆದ್ದರಿಂದಲೇ ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಕಿಡಿ ಹಾರುತ್ತದೆ, ವೀಣೆಯ ಮರ ಒಣಗಿ ಬಿರುಕು ಬಿಡುತ್ತದೆ. ಒಣಗಿತೆಂದು ನಾವು ಹ್ಯುಮಿಡಿಫೈಯರ್ ಹಾಕುತ್ತೇವೆ. ಅಲ್ಲಿಗೆ ಎರಡನೆಯ ಕಷ್ಟ ಶುರು. ಹಾಗೆ ತುಂಬಿದ ಆವಿ ತಣ್ಣನೆಯ ಜಾಗ ಮುಟ್ಟಿದ ಕೂಡಲೇ ನೀರಾಗುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ ಶೇಕಡಾ 50 ಇದ್ದರೆ 9 ಡಿಗ್ರಿಯ ಗಾಜು ಸಾಕು ಬೆವರಲು. ಶೇಕಡಾ 30 ಇದ್ದರೆ ಗಾಜು 2 ಡಿಗ್ರಿಗೆ ಇಳಿಯಬೇಕು. ಆದುದರಿಂದ ಹೊರಗೆ ಚಳಿ ಏರಿದಂತೆ ಒಳಗಿನ ತೇವವನ್ನು ಇಳಿಸುತ್ತ ಹೋಗಬೇಕು. ಕೊರೆಯುವ ದಿನಗಳಲ್ಲಿ ಶೇಕಡಾ 30ರ ಕೆಳಗೇ ಇರಲಿ. ಹತ್ತು ಹದಿನೈದು ಡಾಲರಿಗೆ ಆರ್ದ್ರತೆ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ. ಅದಿಲ್ಲದಿದ್ದರೆ ಕಿಟಕಿಯ ಕೆಳ ಅಂಚನ್ನು ನೋಡಿ, ಎಲ್ಲಕ್ಕಿಂತ ಮೊದಲು ಬೆವರುವುದು ಅದೇ.

ನಮ್ಮ ಅಡುಗೆ ಇಲ್ಲಿನವರ ಅಡುಗೆಗಿಂತ ಒದ್ದೆ. ಬೆಳಿಗ್ಗೆ ಇಡ್ಲಿ ಪಾತ್ರೆಯ ಹಬೆ, ಮಧ್ಯಾಹ್ನ ಕುಕ್ಕರ್, ಸಂಜೆ ಸಾರಿನ ಕುದಿ. ಒಲೆಯ ಮೇಲಿನ ಫ್ಯಾನ್ ಹಾಕಬೇಕು, ಮತ್ತು ಅದು ನಿಜವಾಗಿ ಹೊರಗೆ ದೂಡುತ್ತದೆಯೇ ಎಂದು ನೋಡಬೇಕು. ಎಷ್ಟೋ ಮನೆಗಳಲ್ಲಿ ಅದು ಹಬೆಯನ್ನು ಜಾಲರಿಯಲ್ಲಿ ಸೋಸಿ ನಮ್ಮ ಮುಖಕ್ಕೇ ವಾಪಸ್ ಊದುತ್ತದೆ.

ಕಣ್ಣಿಗೆ ಕಾಣುವ ಕಿಟಕಿಯ ನೀರು ಒರೆಸಿದರೆ ಹೋಯಿತು. ಕಾಣದ್ದು ಅಟ್ಟದಲ್ಲಿರುತ್ತದೆ. ಒಂದು ಜನವರಿಯ ಬೆಳಿಗ್ಗೆ ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಮಾಡಿನ ಹಲಗೆಯನ್ನು ತೂರಿ ಒಳಗೆ ಇಣುಕುವ ನೂರಾರು ಮೊಳೆಗಳ ತುದಿಯಲ್ಲಿ ಬಿಳಿ ಹಿಮ ಕಟ್ಟಿ, ಇಡೀ ಅಟ್ಟ ಮಲ್ಲಿಗೆ ಮೊಗ್ಗು ಬಿಟ್ಟಂತಿತ್ತು. ನೋಡಲು ಬಲು ಚೆಂದ. ಕಾರಣ ಹುಡುಕಿದರೆ, ಬಚ್ಚಲಿನ ಫ್ಯಾನಿನ ಕೊಳವೆ ಮಾಡಿನವರೆಗೆ ಹೋಗದೆ ಅಟ್ಟದ ನಡುವೆಯೇ ಬಾಯಿ ತೆರೆದು ಬಿದ್ದಿತ್ತು. ನಾಲ್ಕು ಜನರ ಬಿಸಿನೀರ ಸ್ನಾನದ ಹಬೆ ದಿನವೂ ಅಲ್ಲಿ ಸುರಿದು, ತಣ್ಣನೆಯ ಕಬ್ಬಿಣಕ್ಕೆ ಮೊದಲು ಅಂಟಿತ್ತು. ಬಿಸಿಲೇರಿ ಆ ಮೊಗ್ಗುಗಳೆಲ್ಲ ಕರಗಿದ ದಿನ ಮಲಗುವ ಕೋಣೆಯ ಚಾವಣಿಯಲ್ಲಿ ಕಂದು ಕಲೆಗಳು. ಮಾಡು ಸೋರುತ್ತಿದೆಯೆಂದು ನಾವು ಹೆದರಿದ್ದೆವು. ಮಾಡಿಗೆ ಏನೂ ಆಗಿರಲಿಲ್ಲ, ಮಳೆ ಒಳಗಿನದು.

ಮಾಡಿನ ಅಣೆಕಟ್ಟು

ಸೂರಿನ ತುದಿಯಲ್ಲಿ ಸಾಲಾಗಿ ತೂಗುವ ಹಿಮದ ಕಡ್ಡಿಗಳ ಮುಂದೆ ನಿಂತು ಊರಿಗೆ ಫೋಟೋ ಕಳಿಸದ ಕನ್ನಡಿಗನಿಲ್ಲ. ನಾನೂ ಕಳಿಸಿದ್ದೇನೆ. ಈಗ ಅಂಥ ಚಿತ್ರ ಯಾರಾದರೂ ಕಳಿಸಿದರೆ ನಿಮ್ಮ ಅಟ್ಟ ನೋಡಿಕೊಳ್ಳಿ ಎಂದು ಉತ್ತರಿಸುತ್ತೇನೆ.

ಮಾಡಿನ ಮೇಲೆ ಹಿಮ ಕೂತಿದೆ. ಮನೆಯ ಶಾಖ ಅಟ್ಟಕ್ಕೆ ಸೋರಿ ಮಾಡಿನ ಹಲಗೆಯನ್ನು ಬಿಸಿಮಾಡಿದರೆ ಹಿಮದ ತಳ ಕರಗುತ್ತದೆ. ಕರಗಿದ ನೀರು ಹಿಮದಡಿಯಲ್ಲೇ ಜಾರಿ ಸೂರಿಗೆ ಬರುತ್ತದೆ. ಸೂರು ಗೋಡೆಯಿಂದ ಹೊರಗೆ ಚಾಚಿದ್ದು, ಅದರ ಕೆಳಗೆ ಬೆಚ್ಚನೆಯ ಕೋಣೆ ಇಲ್ಲ, ಅಲ್ಲಿ ನೀರು ಮತ್ತೆ ಗಡ್ಡೆಯಾಗುತ್ತದೆ. ದಿನದಿನಕ್ಕೆ ಗಡ್ಡೆ ಬೆಳೆದು ಒಡ್ಡಾಗುತ್ತದೆ. ಒಡ್ಡಿನ ಹಿಂದೆ ನೀರು ನಿಲ್ಲುತ್ತದೆ. ಮಾಡಿಗೆ ಹೊದಿಸಿದ ತುಂಡುಗಳು ಹೆಂಚಿನಂತೆಯೇ ಒಂದರ ಮೇಲೊಂದು ಕೂತಿರುತ್ತವೆ, ಕೆಳಕ್ಕೆ ಹರಿಯುವ ನೀರನ್ನಷ್ಟೇ ಅವು ತಡೆಯಬಲ್ಲವು. ಒಡ್ಡಿಗೆ ಕಟ್ಟಿಬಿದ್ದು ಮೇಲಕ್ಕೇರುವ ನೀರು ಅವುಗಳ ಅಡಿಗೆ ನುಗ್ಗಿ ಗೋಡೆಗೆ ಇಳಿಯುತ್ತದೆ.

ಹೀಗಾಗಿ ಒಳ್ಳೆಯ ಅಟ್ಟವೆಂದರೆ ತಣ್ಣಗಿರುವ ಅಟ್ಟ. ಹೊಸಬರಿಗೆ ಇದು ವಿಚಿತ್ರವೆನಿಸುತ್ತದೆ. ಅಟ್ಟದ ನೆಲದಲ್ಲಿ ಇನ್ಸುಲೇಷನ್ ದಪ್ಪವಾಗಿರಬೇಕು, ಅದರ ಮೇಲೆ ಹೊರಗಿನ ಚಳಿಗಾಳಿ ಸೂರಿನ ಕಿಂಡಿಗಳಿಂದ ಬಂದು ನೆತ್ತಿಯ ಕಿಂಡಿಯಿಂದ ಹೋಗುತ್ತಿರಬೇಕು. ನಾರು ಸುರಿಸುವ ಭರದಲ್ಲಿ ಸೂರಿನ ಆ ಕಿಂಡಿಗಳನ್ನು ಮುಚ್ಚಿಬಿಟ್ಟರೆ ಕೆಲಸ ಕೆಟ್ಟಿತು.

ಸೂರಿನ ದೋಣಿಗಳನ್ನು ಕೊನೆಯ ಎಲೆ ಉದುರಿದ ಮೇಲೆ ಒಮ್ಮೆ ಶುಚಿ ಮಾಡಬೇಕು, ನವೆಂಬರ್ ಮಧ್ಯದ ಹೊತ್ತಿಗೆ. ಓಕ್ ಮರವಿದ್ದರೆ ಅದು ತೀರಾ ತಡವಾಗಿ ಎಲೆ ಉದುರಿಸುತ್ತದೆ, ಅದಕ್ಕೆ ಎರಡನೆಯ ಸಲ ಏಣಿ ಹತ್ತಬೇಕಾಗುತ್ತದೆ. ಕೆಳಗಿಳಿಯುವ ಕೊಳವೆಯ ಬಾಯಿ ಗೋಡೆಯ ಬುಡಕ್ಕಲ್ಲ, ನಾಲ್ಕಾರು ಅಡಿ ಆಚೆಗೆ ತೆರೆಯಲಿ. ಅಡಿಕೆ ದಬ್ಬೆಯ ಕಾಲದಿಂದ ಗೊತ್ತಿದ್ದ ವಿಷಯವೇ.

ಉರಿ ಮತ್ತು ಹೊಗೆ

ಗ್ಯಾಸ್ ಫರ್ನೇಸನ್ನು ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲೇ ಒಮ್ಮೆ ಓಡಿಸಿ ನೋಡಿ. ಮೊದಲ ಚಳಿ ಬಿದ್ದ ವಾರ ರಿಪೇರಿಯವರು ದೇವರಿಗಿಂತ ದುರ್ಲಭ. ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಿ, ಒಗ್ಗರಣೆಯ ಮನೆಗಳಲ್ಲಿ ಬೇಗ. ಹೊಸ ಬಗೆಯ ಫರ್ನೇಸುಗಳು ಹೊಗೆಯೊಳಗಿನ ಆವಿಯನ್ನೂ ತಣಿಸಿ ಅದರ ಶಾಖ ಹಿಂಡಿಕೊಳ್ಳುತ್ತವೆ. ಹಾಗಾಗಿ ಅವು ಉರಿಯುತ್ತ ನೀರು ಸುರಿಸುತ್ತವೆ. ಆ ನೀರು ಹೋಗುವ ತೆಳು ಕೊಳವೆ ಕಟ್ಟಿಕೊಂಡರೆ ಯಂತ್ರ ತಾನಾಗಿ ನಿಲ್ಲುತ್ತದೆ. ಇಲ್ಲಿಯೂ ನೀರೇ, ನೋಡಿ. ಅವುಗಳ ಗಾಳಿಯ ಬಿಳಿ ಪ್ಲಾಸ್ಟಿಕ್ ಕೊಳವೆಗಳು ಪಕ್ಕದ ಗೋಡೆಯಿಂದ ಹೊರಬರುತ್ತವೆ. ದೊಡ್ಡ ಹಿಮ ಬಿದ್ದಾಗ ಅವುಗಳ ಬಾಯಿ ಮುಚ್ಚಿಹೋಗದಂತೆ ಸಲಿಕೆ ಹಿಡಿಯಬೇಕು.

ಉರಿ ಸರಿಯಾಗಿ ಉರಿಯದಿದ್ದರೆ, ಹೊಗೆಗೆ ದಾರಿ ಕಟ್ಟಿದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು ಜ್ವರದ ಮುನ್ಸೂಚನೆಯೆಂದು ಮಲಗಿದವರು ಏಳದೇ ಹೋಗಬಹುದು. ಮಲಗುವ ಕೋಣೆಗಳ ಹತ್ತಿರ, ಪ್ರತಿ ಅಂತಸ್ತಿನಲ್ಲೂ ಇದರ ಅಲಾರಂ ಇರಲೇಬೇಕು. ನವೆಂಬರ್ ಮೊದಲ ಭಾನುವಾರ ಗಡಿಯಾರಗಳು ಒಂದು ತಾಸು ಹಿಂದಕ್ಕೆ ಹೋಗುತ್ತವೆ, ರಾಜ್ಯೋತ್ಸವದ ಆಸುಪಾಸಿನಲ್ಲೇ. ಆ ದಿನ ಅಲಾರಂಗಳ ಗುಂಡಿ ಒತ್ತಿ ಪರೀಕ್ಷಿಸಿ, ಹಿಂಬದಿಯ ತಾರೀಖು ನೋಡಿ. ಹೊಗೆಯ ಅಲಾರಂಗೆ ಹತ್ತು ವರ್ಷದ ಆಯುಷ್ಯ.

ಚಳಿ ನಮಗಲ್ಲ, ಉತ್ತರದವರಿಗೆ ಎನ್ನುವ ಡಲ್ಲಾಸ್, ಆಸ್ಟಿನ್ ಗೆಳೆಯರಿಗೆ 2021ರ ಫೆಬ್ರವರಿ ನೆನಪಿರಬೇಕು. ಟೆಕ್ಸಾಸಿನಲ್ಲಿ ದಿನಗಟ್ಟಲೆ ಕರೆಂಟು ಹೋಯಿತು. ಅಲ್ಲಿನ ಎಷ್ಟೋ ಮನೆಗಳಲ್ಲಿ ನೀರಿನ ಕೊಳವೆ ಅಟ್ಟದಲ್ಲೇ ಓಡುತ್ತದೆ, ಅವು ಸಾಲುಸಾಲಾಗಿ ಒಡೆದವು. ಚಳಿ ತಾಳದೆ ಕೆಲವರು ಇದ್ದಿಲ ಒಲೆಯನ್ನು ಒಳಗೆ ಹಚ್ಚಿದರು, ಗ್ಯಾರೇಜಿನಲ್ಲಿ ಕಾರು ಓಡಿಸಿಟ್ಟು ಕೂತರು, ಆ ಹೊಗೆಗೆ ಪ್ರಾಣ ತೆತ್ತವರಿದ್ದಾರೆ. ಜನರೇಟರ್ ಇದ್ದರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಬಯಲಿನಲ್ಲಿ.

ಉಳಿದ ಸಣ್ಣಪುಟ್ಟವು: ಸೌದೆ ಉರಿಸುವ ಒಲೆಯಿದ್ದರೆ ಹೊಗೆಗೂಡನ್ನು ವರ್ಷಕ್ಕೊಮ್ಮೆ ನೋಡಿಸಿ, ಉರಿಸದಿದ್ದಾಗ ಅದರ ತಡೆಬಾಗಿಲು ಮುಚ್ಚಿ. ಚಾವಣಿಯ ಫ್ಯಾನಿಗೆ ಪುಟ್ಟ ಗುಂಡಿಯೊಂದಿರುತ್ತದೆ, ಅದನ್ನು ಒತ್ತಿದರೆ ತಿರುಗುಮುರುಗಾಗಿ ಸುತ್ತಿ ಮೇಲಿನ ಬಿಸಿಗಾಳಿಯನ್ನು ಗೋಡೆಯಗುಂಟ ಕೆಳಗಿಳಿಸುತ್ತದೆ. ಚಳಿಯಲ್ಲಿ ಫ್ಯಾನ್ ಹಾಕುವುದನ್ನು ಅಮ್ಮ ಇಂದಿಗೂ ಒಪ್ಪಿಲ್ಲ. ಮೆಟ್ಟಿಲ ಮೇಲಿನ ಮಂಜುಗಡ್ಡೆ ಕರಗಿಸಲು ಎರಚುವ ಉಪ್ಪನ್ನು ಅಕ್ಟೋಬರಿನಲ್ಲೇ ತನ್ನಿ. ಸಾದಾ ಕಲ್ಲುಪ್ಪು ಮೈನಸ್ 9ರ ಕೆಳಗೆ ಹೆಚ್ಚು ಕೆಲಸ ಮಾಡದು, ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಬಾಡಿಗೆ ಮನೆಯವರು ಅಟ್ಟ ಹತ್ತಲಾಗದು, ಆದರೆ ಕಿಟಕಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ ಕೂದಲೊಣಗಿಸುವ ಯಂತ್ರದಿಂದ ಬಿಗಿಮಾಡಬಹುದು. ಗಾಜಿನ ಮುಂದೆ ಇನ್ನೊಂದು ಪದರ ನಿಂತ ಗಾಳಿ, ಅದೇ ಕಂಬಳಿಯ ಲೆಕ್ಕ.

ಡಿಸೆಂಬರಿನಲ್ಲಿ ಊರಿಗೆ ಹೊರಟಾಗ

ನಮ್ಮವರ ಮನೆಗಳಿಗೆ ಅತಿ ದೊಡ್ಡ ಅಪಾಯ ನಾವಿಲ್ಲದ ಮೂರು ನಾಲ್ಕು ವಾರ. ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ, ವಿಮಾನ ಹತ್ತುತ್ತೇವೆ. ನಾವು ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಇಲ್ಲಿ ಫರ್ನೇಸ್ ಕೆಟ್ಟರೆ ಯಾರಿಗೆ ಗೊತ್ತು? ಕೊಳವೆ ಒಡೆದು ಮೂರು ವಾರ ಹರಿದ ನೀರಿನ ಮುಂದೆ ನನ್ನ ಏಪ್ರಿಲ್ ಮಧ್ಯಾಹ್ನ ಏನೇನೂ ಅಲ್ಲ.

ಹೊರಡುವ ದಿನ ಮುಖ್ಯ ವಾಲ್ವ್ ಮುಚ್ಚಿ. ಆಮೇಲೆ ಮೇಲಿನಂತಸ್ತಿನ ಒಂದು ನಲ್ಲಿ, ಎಲ್ಲಕ್ಕಿಂತ ಕೆಳಗಿನ ಒಂದು ನಲ್ಲಿ ತೆರೆದು ಕೊಳವೆಗಳ ನೀರು ಇಳಿಸಿ. ಹ್ಯುಮಿಡಿಫೈಯರ್ ಆರಿಸಿ. ಬಿಸಿನೀರಿನ ಹಂಡೆಗೆ ರಜೆಯ ಗುರುತಿದ್ದರೆ ಅದಕ್ಕೆ ತಿರುಗಿಸಿ. ಥರ್ಮೋಸ್ಟಾಟ್ ಅನ್ನು ಇಳಿಸಿ, ಆದರೆ 55 ಫ್ಯಾರನ್‌ಹೀಟ್‌ಗಿಂತ, ಅಂದರೆ 13 ಡಿಗ್ರಿಗಿಂತ ಕೆಳಗೆ ಬೇಡ. ಬಿಸಿನೀರನ್ನೇ ಕೊಳವೆಗಳಲ್ಲಿ ಸುತ್ತಿಸಿ ಬೆಚ್ಚಗಾಗುವ ಮನೆಯಾದರೆ ವಾಲ್ವ್ ಮುಚ್ಚುವ ಮುನ್ನ ತಿಳಿದವರನ್ನು ಕೇಳಿ. ವಿಮೆಯ ಕಾಗದವನ್ನು ಒಮ್ಮೆ ಓದಿ: ಮನೆಯನ್ನು ಬೆಚ್ಚಗಿಡುವ ಎಚ್ಚರಿಕೆ ವಹಿಸಿರಬೇಕು, ಇಲ್ಲವೇ ನೀರು ನಿಲ್ಲಿಸಿ ಕೊಳವೆ ಖಾಲಿ ಮಾಡಿರಬೇಕು, ಹಾಗಿದ್ದರೆ ಮಾತ್ರ ಹೆಪ್ಪುಗಟ್ಟಿ ಆದ ನಷ್ಟಕ್ಕೆ ಪರಿಹಾರ ಎಂಬ ಸಾಲು ಬಹುಪಾಲು ಕಾಗದಗಳಲ್ಲಿರುತ್ತದೆ. ಮೂರು ದಿನಕ್ಕೊಮ್ಮೆ ಬಂದು ನೋಡುವ ಒಬ್ಬ ಪರಿಚಿತರಿಗೆ ಬೀಗದ ಕೈ ಕೊಡಿ.

13 ಡಿಗ್ರಿಯ ಕತ್ತಲೆ ಮನೆಯಲ್ಲಿ ಕೊಳವೆಗಳು ಸುಖವಾಗಿರುತ್ತವೆ, ಕರಿಬೇವು ಇರುವುದಿಲ್ಲ. ಹಾಗಾಗಿ ನಮ್ಮ ಬೀದಿಯ ತುದಿಯಲ್ಲಿರುವ ಹಾಸನದ ಕುಟುಂಬಕ್ಕೆ ಬೀಗದ ಕೈ ಕೊಡುವಾಗ ಕುಂಡವನ್ನೂ ಕೊಟ್ಟು ಬರುತ್ತೇವೆ, ಕಾರಿನೊಳಗೆ ಹೀಟರ್ ಹಾಕಿ, ಗಿಡಕ್ಕೆ ಹಳೇ ಶಾಲು ಸುತ್ತಿ. ಜನವರಿಯಲ್ಲಿ ವಾಪಸ್ ಬರುವಾಗ ಕೆಳಗಿನ ರೆಂಬೆಗಳು ಬೋಳಾಗಿರುತ್ತವೆ. ಅದು ಚಳಿಗೆ ಉದುರಿದ್ದಲ್ಲವೆಂದು ಅವರ ಮನೆಯ ಸಾರಿನ ಪರಿಮಳವೇ ಹೇಳುತ್ತದೆ.